ಹನ್ನೆರಡು ಪ್ಲೇಟಿನ ಜಿನ್ನಪ್ಪ

ಬನಹಟ್ಟಿಯಲ್ಲಿ ಜಿನ್ನಪ್ಪನ ಮನೆ ಎಲ್ಲಿ ಎಂದು ಕೇಳಿದರೆ ‘ಯಾವ ಜಿನ್ನಪ್ಪ?’ ಎಂದು ತಿರುಗಿ ಕೇಳುತ್ತಿದ್ದರು. ಆ ಹೆಸರಿನವರು ಊರಲ್ಲಿ ಐದಾರು ಜನ ಇದ್ದರು. ‘ಹನ್ನೆರಡು ಪ್ಲೇಟಿನ ಜಿನ್ನಪ್ಪ’ ಎಂದರೆ ಮಾತ್ರ ಎಲ್ಲರ ಕೈಯೂ ಜೈನ ಬಸ್ತಿಯ ಹಿಂದಿನ ಓಣಿಯತ್ತ ಏಳುತ್ತಿತ್ತು. ಪ್ಲೇಟು ಎಂದರೆ ಉಣ್ಣುವ ತಟ್ಟೆಯಲ್ಲ, ಗ್ರಾಮಫೋನಿಗೆ ಹಾಕುವ ಕರಿ ಪ್ಲೇಟು. ಹನ್ನೆರಡೇ ಯಾಕೆ ಎಂಬುದಕ್ಕೆ ಒಂದು ಕಥೆ ಇದೆ. ಆ ಹನ್ನೆರಡರಿಂದ ತಲೆಗೇರಿದ ಜಂಬ ಹೇಗೆ ಇಳಿಯಿತು ಎಂಬುದಕ್ಕೆ ಇನ್ನೊಂದಿದೆ.

ಜಿನ್ನಪ್ಪನ ಮೂಲ ಮನೆತನ ತೇರದಾಳದ್ದು, ದಿಗಂಬರ ಜೈನರು. ಅಜ್ಜನ ಕಾಲಕ್ಕೆ ಬನಹಟ್ಟಿಗೆ ಬಂದು ನೇಕಾರರಿಗೆ ನೂಲು, ಬಣ್ಣದ ಪುಡಿ ಮಾರುತ್ತ ಇಲ್ಲೇ ನಿಂತರು. ಅಂಗಡಿ ದೊಡ್ಡದಲ್ಲ, ಸಣ್ಣದೂ ಅಲ್ಲ. ಜಿನ್ನಪ್ಪನಿಗೆ ವ್ಯಾಪಾರಕ್ಕಿಂತ ಹೆಚ್ಚಾಗಿ ಇದ್ದದ್ದು ಒಂದು ಚಟ: ಯಾವುದನ್ನು ಕಂಡರೂ ಮೇಲೆ ಕೆಳಗೆ ತಿರುವಿ ನೋಡಬೇಕು, ಇದು ಯಾಕೆ ಹೀಗಿದೆ ಎಂದು ಯಾರನ್ನಾದರೂ ಕೇಳಬೇಕು. “ಬಾಳಿಹಣ್ಣ ಕೊಟ್ಟರೂ ಒಳಗೇನೈತಿ ಅಂತ ಬಿಚ್ಚಿ ನೋಡಿ, ಮತ್ತ ಮುಚ್ಚಿ, ಆಮ್ಯಾಲೆ ತಿಂತಾರ” ಎಂದು ಹೆಂಡತಿ ಹೀರಾ ತವರಿನವರ ಮುಂದೆ ನಗುತ್ತಿದ್ದಳು. ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ವರ್ಷಕ್ಕೆ ಎರಡು ಸಲ ನೂಲು ತರಲು ಅವನು ಮುಂಬಯಿಗೆ ಹೋಗುತ್ತಿದ್ದ. ಹೋದಾಗೊಮ್ಮೆ ಕಾಳಬಾದೇವಿಯ ಒಂದು ಅಂಗಡಿಯಿಂದ ಮರಾಠಿ ನಾಟಕದ ಪದಗಳ ಪ್ಲೇಟು ತರುವುದು ರೂಢಿ. ಸಾವಿರದ ಒಂಬೈನೂರ ಮೂವತ್ತಮೂರರ ದೀಪಾವಳಿಗೆ ಹಾಗೆ ತಂದದ್ದನ್ನು ಗ್ರಾಮಫೋನಿನ ಪೆಟ್ಟಿಗೆಯ ಮೇಲಿಟ್ಟು, ಕೀಲಿ ಕೊಟ್ಟು, ಮುಳ್ಳು ಇಳಿಸಿದ. ಬರಬೇಕಾದ ಹಾರ್ಮೋನಿಯಂ ಬರಲಿಲ್ಲ. ಬಂದದ್ದು ತುತ್ತೂರಿ, ಅದರ ಹಿಂದೆ ಇನ್ನೊಂದು ತುತ್ತೂರಿ, ನಡುವೆ ಯಾರೋ ಪಾತ್ರೆ ಬಡಿದಂಥ ಸದ್ದು. ಹೀರಾ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು.

“ಏನ್ರೀ ಅದು? ಯಾರ ಮನಿಯಾಗ ಏನಾತು?”

ಅಂಗಡಿಯವನು ನಾಟಕದ ಪದದ ಚೀಲದಲ್ಲಿ ಬೇರೆ ಯಾವುದೋ ಪ್ಲೇಟು ತುರುಕಿದ್ದ. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಬೈಗುಳ ಬೈದು, ಮುಂದಿನ ಸಲ ಹೋದಾಗ ಅವನ ಮುಖದ ಮೇಲೆ ಒಗೆದು ಬರುತ್ತಿದ್ದರು. ಜಿನ್ನಪ್ಪ ಮುಳ್ಳನ್ನು ಮತ್ತೆ ಮೊದಲಿಗೆ ಇಟ್ಟ. ಮತ್ತೆ ಇಟ್ಟ. ಏಳನೆಯ ಸಲಕ್ಕೆ ಅವನಿಗೆ ಒಂದು ಸಂಗತಿ ಹೊಳೆಯಿತು: ನಾಲ್ಕು ಜನ ನಾಲ್ಕು ದಿಕ್ಕಿಗೆ ಓಡುತ್ತಿದ್ದಾರೆ, ಆದರೆ ಒಬ್ಬನೂ ದಾರಿ ತಪ್ಪುತ್ತಿಲ್ಲ. ಬಸ್ತಿಯ ಭಜನೆಯಲ್ಲಿ ತಾಳ ಹಾಕಿ ಬೆಳೆದ ಕೈ ಅವನದು. ಆ ಕೈ ತೊಡೆ ತಟ್ಟಬೇಕೆಂದ ಕಡೆ ಇವರು ತಟ್ಟುತ್ತಿರಲಿಲ್ಲ, ಆಮೇಲೆ ತಟ್ಟುತ್ತಿದ್ದರು. ತಪ್ಪಿದರು ಎನ್ನುವಷ್ಟರಲ್ಲಿ ಕೂಡಿಕೊಳ್ಳುತ್ತಿದ್ದರು. ಇದು ಗೊತ್ತಿದ್ದು ಮಾಡುತ್ತಿದ್ದಾರೋ, ಗೊತ್ತಿಲ್ಲದೆಯೋ? ಅದನ್ನು ಯಾರನ್ನು ಕೇಳಬೇಕೋ ಅವನಿಗೆ ತಿಳಿಯಲಿಲ್ಲ.

ಮುಂದಿನ ಸಲ ಮುಂಬಯಿಗೆ ಹೋದವನು ತಕರಾರು ಮಾಡಲಿಲ್ಲ. “ಇಂಥಾದ್ದು ಇನ್ನೂ ಏನೇನು ಅದಾವ?” ಎಂದು ಕೇಳಿದ. ಅಂಗಡಿಯವನು ಇವನ ರುಮಾಲು, ಹಣೆಯ ಗಂಧ, ಮೊಣಕಾಲ ತನಕದ ಧೋತರ ಎಲ್ಲವನ್ನೂ ಒಮ್ಮೆ ನೋಡಿ, ಸಾಹೇಬರು ಕುಣಿಯಲು ಒಯ್ಯುವ ಪ್ಲೇಟುಗಳ ಗಂಟು ತೆಗೆದ. ಜಿನ್ನಪ್ಪ ಒಂದು ಮಧ್ಯಾಹ್ನ ಪೂರ್ತಿ ಸ್ಟೂಲಿನ ಮೇಲೆ ಕೂತು ಹಾಕಿಸಿ ಹಾಕಿಸಿ ಕೇಳಿದ. ಹತ್ತರಲ್ಲಿ ಎಂಟು ಬರೀ ಸಕ್ಕರೆ ಪಾಕ ಎನಿಸಿತು. ಉಳಿದ ಎರಡನ್ನು ತಂದ.

ನೂಲಿನ ಗಂಟಿನ ಮೇಲಿನ ನಂಬರು ಬಿಟ್ಟರೆ ಇಂಗ್ಲಿಷ್ ಅವನಿಗೆ ಬಾರದು. ಪ್ಲೇಟಿನ ಮೇಲಿನ ಹೆಸರು ಓದಲಾಗದ್ದಕ್ಕೆ ನುಡಿಸಿದವರಿಗೆ ತಾನೇ ಹೆಸರಿಟ್ಟ. ಪಿಯಾನೋದ ಮೇಲೆ ಸರಸರನೆ ಏರಿ ತುದಿಯಲ್ಲಿ ನಿಂತುಬಿಡುವವನು ‘ಏಣಿ ಹತ್ತಾಂವ’. ತುತ್ತೂರಿಯ ಬಾಯಿಗೆ ಏನೋ ಅಡ್ಡ ಹಿಡಿದು ನುಡಿಸುವವನು ‘ನೆಗಡಿಯಂವ’. ಹಾಡುವ ಹೆಂಗಸು ಒಬ್ಬಳಿದ್ದಳು, ಪ್ರತಿ ಮಾತನ್ನೂ ಹಾಸಿಗೆಯಿಂದ ಏಳಲು ಮನಸ್ಸಿಲ್ಲದಂತೆ ಹೇಳುತ್ತಿದ್ದಳು; ಆಕೆ ‘ನಿದ್ದಿಗಣ್ಣಾಕಿ’. ಒಂದು ನೋಟುಬುಕ್ಕಿನಲ್ಲಿ ಇವರ ಬಗ್ಗೆ ಬರೆದಿಡುತ್ತಿದ್ದ. “ಏಣಿ ಹತ್ತಾಂವ: ಕೇಳತಕ್ಕದ್ದು. ಇಳಿಯೂವಾಗ ಹೆಚ್ಚು ಛಲೋ.” “ನೆಗಡಿಯಂವ: ಮೂರು ದಿನ ಬಿಟ್ಟು ಕೇಳಬೇಕು, ಒಮ್ಮೆಲೇ ತಿಳಿಯುವವ ಅಲ್ಲ.” “ಹೊಸ ಪ್ಲೇಟು, ಹೆಸರಿಟ್ಟಿಲ್ಲ: ಎಂಟು ಮಂದಿ ಕೂಡಿ ಒಬ್ಬನ ಕೆಲಸ ಮಾಡ್ಯಾರ.”

ಅವನ ಪ್ರಶ್ನೆಗೆ ಉತ್ತರ ಕೊಡುವವನು ಎರಡು ವರ್ಷದ ಮೇಲೆ ತಾನಾಗಿಯೇ ಬಾಗಿಲಿಗೆ ಬಂದ. ಮುಧೋಳ ಸಂಸ್ಥಾನದ ಬ್ಯಾಂಡಿಗೆ ಗೋವೆಯಿಂದ ಬಂದ ಪೆದ್ರು ಮಾಸ್ತರ ಎಂಬಾತ ಇದ್ದ, ತುತ್ತೂರಿ ನುಡಿಸುವವ. ಬ್ಯಾಂಡಿನವರ ನಡುಪಟ್ಟಿಗೆ ಕೆಂಪು ಬಟ್ಟೆ ನೇಯಿಸಲು ಬನಹಟ್ಟಿಗೆ ಬಂದವನು ಓಣಿಯಲ್ಲಿ ಹಾಯುವಾಗ ಒಳಗಿನ ಸದ್ದು ಕೇಳಿ ನಿಂತ. ನಿಂತವನು ಬೂಟು ಕಳೆಯುವುದನ್ನೂ ಮರೆತು ಪಡಸಾಲೆಗೆ ಬಂದುಬಿಟ್ಟ. ಹೀರಾ ಬೂಟನ್ನೇ ನೋಡುತ್ತಿದ್ದಳು.

“ಸಾವಕಾರ್ರ, ಇದು ಏನು ಅಂತ ನಿಮಗ ಗೊತ್ತೈತೇನ್ರಿ?”

“ಗೊತ್ತಿಲ್ಲಂತನ ಎರಡು ವರ್ಷದಿಂದ ಕೇಳಾಕತ್ತೇನ್ರಿ” ಎಂದ ಜಿನ್ನಪ್ಪ.

ಇದಕ್ಕೆ ಜಾಝ್ ಅನ್ನುತ್ತಾರೆ ಎಂದು ಮಾಸ್ತರ ಹೇಳಿದ. ಅಮೆರಿಕದ ಕಪ್ಪು ಜನರು ಕಟ್ಟಿದ ಸಂಗೀತ. ಅವರಲ್ಲಿ ಕೆಲವರು ಈಗ ಮುಂಬಯಿಯ ದೊಡ್ಡ ಹೋಟೆಲುಗಳಲ್ಲೂ ನುಡಿಸುತ್ತಾರೆ; ಬೇಸಗೆಯ ರಜೆಗೆ ಹೋದಾಗ ತಾನೂ ಯಾವುದಾದರೂ ಬ್ಯಾಂಡಿನ ಹಿಂದಿನ ಸಾಲಿನಲ್ಲಿ ಕೂತು ನುಡಿಸಿ ಬರುತ್ತೇನೆ ಎಂದ. ಏಣಿ ಹತ್ತಾಂವ ಸತ್ತುಹೋದ ಹಳೆಯ ಕಾಲದವನಲ್ಲ, ಈ ವರ್ಷವೂ ನುಡಿಸುತ್ತಿದ್ದಾನೆ ಎಂದು ಕೇಳಿ ಜಿನ್ನಪ್ಪನಿಗೆ ಮೈ ಝುಂ ಅಂದಿತು.

“ಇಷ್ಟೆಲ್ಲಾ ಅವರಿಗೆ ಯಾರು ಬರದು ಕೊಡ್ತಾರ್ರಿ?”

“ಮೊದಲ ಹಾಡು ಬರದಿರತೈತ್ರಿ. ಆಮ್ಯಾಲಿಂದು ಅವರವರ ಮನಸಿಂದು.”

“ಹಂಗಾರ ನಾಳಿ ನುಡಿಸಿದರ ಬ್ಯಾರೆ?”

“ಬ್ಯಾರೆ.”

“ಮತ್ತ ಈ ಪ್ಲೇಟಿನ್ಯಾಗಿಂದು?”

“ಅದು ಆ ದಿನದ್ದು ಅಷ್ಟ. ಹಿಡದಿಟ್ಟರು, ಉಳೀತು. ಇಲ್ಲಂದ್ರ ಹೋದಂಗ.”

ಅಂದಿನಿಂದ ಇಬ್ಬರೂ ಗೆಳೆಯರಾದರು. ಮಾಸ್ತರ ತಿಂಗಳಿಗೊಮ್ಮೆ ಏನಾದರೊಂದು ನೆಪ ಮಾಡಿ ಬರುತ್ತಿದ್ದ. ಅವನ ಹತ್ತಿರ ತುತ್ತೂರಿ ಇತ್ತು, ಪೆಟ್ಟಿಗೆ ಇರಲಿಲ್ಲ. ಇವನ ಹತ್ತಿರ ಪೆಟ್ಟಿಗೆ ಇತ್ತು, ಹೆಸರು ಓದುವ ಕಣ್ಣು ಇರಲಿಲ್ಲ. ಮಾಸ್ತರ ನಿಜವಾದ ಹೆಸರುಗಳನ್ನು ಓದಿ ಹೇಳಿದರೂ ಜಿನ್ನಪ್ಪ ತಾನಿಟ್ಟ ಹೆಸರನ್ನು ಬಿಡಲಿಲ್ಲ. ಕೊನೆಗೆ ಮಾಸ್ತರನೇ ಮುಂಬಯಿಯಿಂದ ಬಂದಾಗ “ಏಣಿ ಹತ್ತಾಂವಂದು ಹೊಸಾದು ಬಂದೈತ್ರಿ” ಎನ್ನತೊಡಗಿದ.

ಈಗ ಹನ್ನೆರಡರ ಮಾತು. ಮೂವತ್ತೆಂಟರಲ್ಲಿ ಕಾಲ್ನಡಿಗೆಯಲ್ಲಿ ವಿಹಾರ ಮಾಡುತ್ತ ಮುನಿ ಮಹಾರಾಜರೊಬ್ಬರು ತೇರದಾಳಕ್ಕೆ ಬಂದರು. ಶ್ರಾವಕನಾದವನು, ಅಂದರೆ ಸಂಸಾರದಲ್ಲಿರುವ ಜೈನ, ತನ್ನ ಆಸ್ತಿ, ಬಟ್ಟೆ, ಪಾತ್ರೆ, ದನ ಎಲ್ಲಕ್ಕೂ ತಾನೇ ಒಂದು ಮಿತಿ ಹಾಕಿಕೊಳ್ಳಬೇಕು, ಅದನ್ನು ದಾಟಬಾರದು ಎಂದು ಉಪದೇಶ ಮಾಡಿದರು. ಪರಿಗ್ರಹ ಪರಿಮಾಣ ಎಂಬ ವ್ರತ ಅದು. ಜನ ಸಾಲಾಗಿ ನಿಂತು ವ್ರತ ಹಿಡಿದರು. ನಮ್ಮ ಜನ ಜಾಣರು. ಮನೆಯಲ್ಲಿ ಎರಡು ಎಮ್ಮೆ ಇದ್ದವನು ಇಪ್ಪತ್ತರ ಮಿತಿ ಹಾಕಿಸಿಕೊಂಡ, ಹತ್ತು ಎಕರೆಯವನು ನೂರು ಎಕರೆ ಅಂದ. ಜಿನ್ನಪ್ಪನ ಮುಂದೆ ನಿಂತಿದ್ದ ಅನಂತಪ್ಪ ಎಂಬ ಸಂಬಂಧಿಕ ಐವತ್ತು ತೊಲೆ ಬಂಗಾರಕ್ಕೆ ಮಿತಿ ಹೇಳಿದಾಗ, ಅವನ ಹೆಂಡತಿಯೇ ತನ್ನ ಬರಿಗೊರಳು ಮುಟ್ಟಿ ನೋಡಿಕೊಂಡಳು. ಇದನ್ನು ಕಂಡು ಜಿನ್ನಪ್ಪನಿಗೆ ಸಿಟ್ಟು ಬಂತು. ತನ್ನ ಸರದಿ ಬಂದಾಗ ಬಟ್ಟೆ ಪಾತ್ರೆ ಎಲ್ಲ ಹೇಳಿ, ಕೊನೆಗೆ “ಗ್ರಾಮಫೋನ್ ಪ್ಲೇಟು ಹನ್ನೆರಡು” ಎಂದುಬಿಟ್ಟ. ಆಗ ಮನೆಯಲ್ಲಿ ಇದ್ದದ್ದು ಮೂವತ್ತೊಂದು. ಹೀರಾ ಹಿಂದಿನಿಂದ ಚಿವುಟಿದಳು, ಆದರೆ ಮಾತು ಆಡಿಯಾಗಿತ್ತು.

ಹತ್ತೊಂಬತ್ತು ಪ್ಲೇಟು ಅದೇ ವಾರ ಬೇರೆಯವರ ಮನೆ ಸೇರಿದವು. ಬಿಟ್ಟದ್ದನ್ನು ಮಾರುವಂತಿಲ್ಲ, ದಾನ ಕೊಡಬೇಕು. ಕೊಟ್ಟದ್ದನ್ನು ಮರಳಿ ಕೇಳುವಂತಿಲ್ಲ. ಹದಿಮೂರನೆಯದು ಯಾವತ್ತು ಹೊಸ್ತಿಲು ದಾಟಿ ಒಳಗೆ ಬರುತ್ತದೋ, ಅವತ್ತೇ ಹೊತ್ತು ಮುಳುಗುವುದರೊಳಗೆ ಒಂದು ಹೊರಗೆ ಹೋಗಬೇಕು. ನಾಟಕದ ಪದಗಳು ಮೊದಲು ಹೋದವು, ಬೀಗರು ಸಂತೋಷದಿಂದ ಒಯ್ದರು. ಆಮೇಲೆ ಹೋಗಬೇಕಾದವು ಜಾಝಿನವು. ಅವನ್ನು ಒಯ್ಯುವವರ ಮುಖ ನೋಡುವಂತಿರುತ್ತಿತ್ತು.

ಇದರಿಂದ ಒಂದು ಲಾಭವೂ ಆಯಿತು, ಒಂದು ಕೇಡೂ ಆಯಿತು. ಲಾಭವೆಂದರೆ, ಒಂದು ಒಳಗೆ ಬರಬೇಕಾದರೆ ಒಂದು ಹೊರಗೆ ಹೋಗಬೇಕೆಂದಾಗ ಮನುಷ್ಯ ಕಿವಿಗೊಟ್ಟು ಕೇಳುತ್ತಾನೆ. ಒಂಬತ್ತು ವರ್ಷದಲ್ಲಿ ಜಿನ್ನಪ್ಪನ ಕಿವಿ ಅಕ್ಕಸಾಲಿಗನ ತಕ್ಕಡಿಯಷ್ಟು ಸೂಕ್ಷ್ಮವಾಯಿತು. “ನಿಮ್ಮ ಹನ್ನೆರಡರಾಗ ಜಾಗಾ ಸಿಗೂದು ದರಬಾರದಾಗ ಖುರ್ಚಿ ಸಿಗೂದಕ್ಕಿಂತ ಕಠಿಣ ಐತ್ರಿ” ಎಂದು ಮಾಸ್ತರ ಅನ್ನುತ್ತಿದ್ದ. ಕೇಡೆಂದರೆ, ತನ್ನ ಕಿವಿ ತಪ್ಪುವುದೇ ಇಲ್ಲ ಎಂಬ ಜಂಬ ಜಿನ್ನಪ್ಪನ ತಲೆಗೇರಿತು. ಒಂದು ಸಲ ಕೇಳಿ ‘ಇದು ಬ್ಯಾಡ’ ಎಂದನೆಂದರೆ ಮುಗಿಯಿತು, ಬ್ರಹ್ಮ ಬಂದರೂ ಕೇಳುತ್ತಿರಲಿಲ್ಲ.

ನಲವತ್ತೇಳರ ಶ್ರಾವಣ. ಚಾತುರ್ಮಾಸದ ನಾಲ್ಕು ತಿಂಗಳು ಎಲ್ಲರೂ ಏನಾದರೊಂದು ನೇಮ ಹಿಡಿಯುತ್ತಾರೆ. ಒಬ್ಬರು ತುಪ್ಪ ಬಿಡುತ್ತಾರೆ, ಒಬ್ಬರು ಉಪ್ಪು. ಜಿನ್ನಪ್ಪ ಆ ವರ್ಷ ಎರಡು ನೇಮ ಹಿಡಿದಿದ್ದ: ದೀಪಾವಳಿಯ ತನಕ ಬನಹಟ್ಟಿ ತೇರದಾಳದ ಆಚೆ ಕಾಲಿಡುವುದಿಲ್ಲ, ಪ್ಲೇಟನ್ನು ದಿನಕ್ಕೆ ಒಂದೇ ಮಗ್ಗಲು ಕೇಳುತ್ತೇನೆ. ಹೀಗಿರುವಾಗ ಒಂದು ಮಧ್ಯಾಹ್ನ ಲೋಕಾಪುರದ ಹುಲೆಪ್ಪ ಬಂದ. ಊರಿಂದೂರಿಗೆ ಬಾಡಿಗೆ ಚಕ್ಕಡಿ ಹೊಡೆಯುವವನು ಅವನು. ಮಳೆಗೆ ಹೊದ್ದ ಕಂಬಳಿ ಕೊಪ್ಪೆಯೊಳಗಿಂದ ಒಂದು ಪ್ಲೇಟು ತೆಗೆದು, “ಮುಧೋಳದ ಮಾಸ್ತರ ಕೊಟ್ಟಾರ್ರಿ. ಕೇಳಿರಿ ಅಂತ ಹೇಳ್ಯಾರ” ಎಂದು ಕೊಟ್ಟು, ನೂಲು ಇಳಿಸಲು ಹೋದ.

ಜಿನ್ನಪ್ಪ ಮೇಲಿನ ಮಗ್ಗಲು ಹಾಕಿದ. ಯಾವುದೋ ಮುಂಬಯಿ ಹೋಟೆಲಿನ ಬ್ಯಾಂಡು. ಜೋಡಿ ಜೋಡಿಯಾಗಿ ಕುಣಿಯುವವರಿಗೆ ಬೇಕಾದ ಸವಿ ಸವಿ ಹಾಡು, ಬರೆದದ್ದನ್ನು ಬರೆದಂತೆ ನುಡಿಸಿ ಮುಗಿಸಿದ್ದರು. ಒಬ್ಬನೂ ಎಲ್ಲೂ ದಾರಿ ಬಿಟ್ಟಿರಲಿಲ್ಲ. ಇನ್ನೊಂದು ಮಗ್ಗಲು ಕೇಳಲು ಅಂದಿನ ನೇಮ ಮುಗಿದಿತ್ತು. ಮನೆಯಲ್ಲಿ ಹನ್ನೆರಡು ಇದ್ದವು, ಇದು ಹದಿಮೂರನೆಯದು. ಹೊತ್ತು ಇಳಿಯುತ್ತಿತ್ತು.

“ಬ್ಯಾರೆ ಯಾವುದರ ಕೊಡ್ರಿ. ಇದು ಮಾಸ್ತರ ಕಳಿಸಿದ್ದು. ನಾಳಿ ಆ ಮಗ್ಗಲಾ ಕೇಳಿ ನೋಡ್ರಿ” ಎಂದಳು ಹೀರಾ.

“ಯಾರು ಕಳಿಸಿದರೇನ? ಅನ್ನ ಬೆಂದೈತೋ ಇಲ್ಲೋ ನೋಡಾಕ ಒಂದಗಳ ಸಾಕು” ಎಂದ ಜಿನ್ನಪ್ಪ. ಚಕ್ಕಡಿ ಹೂಡುತ್ತಿದ್ದ ಹುಲೆಪ್ಪನನ್ನೇ ಕರೆದು ಪ್ಲೇಟನ್ನು ಅವನ ಕೈಗಿಟ್ಟ.

ಹುಲೆಪ್ಪ ಕಣ್ಣು ಪಿಳಿಪಿಳಿ ಮಾಡಿದ. “ನಾನ ತಂದೇನ್ರಿ, ನಾನ ಒಯ್ಯಲ್ಯಾ?”

“ದಾನ. ಬ್ಯಾಡ ಅನಬಾರದು.”

ಹುಲೆಪ್ಪ ಹಣೆಗೊತ್ತಿಕೊಂಡು ಒಯ್ದ.

ದಸರೆ ಮುಗಿದ ಮೇಲೆ ಪೆದ್ರು ಮಾಸ್ತರ ಬಂದ. ಈ ಸಲ ಹೊಸ್ತಿಲಲ್ಲೇ ಬೂಟು ಕಳೆದು, ಗೋಡೆಗೆ ಜೋಡಿಸಿಟ್ಟು ಕೂತ. ಚಹಾ ಕುಡಿದ. ಸಂಸ್ಥಾನಗಳ ಮುಂದಿನ ಗತಿ ಏನಾದೀತೋ ಎಂದು ಅದೂ ಇದೂ ಮಾತಾಡಿದ. ಆಮೇಲೆ ಕಪ್ಪನ್ನು ನೋಡುತ್ತ ಕೇಳಿದ:

“ಎರಡನೇ ಮಗ್ಗಲಾ ಹೆಂಗನಿಸ್ತರಿ?”

ಜಿನ್ನಪ್ಪ ಸುಳ್ಳು ಹೇಳುವವನಲ್ಲ. ಅದೂ ಒಂದು ವ್ರತವೇ. “ಕೇಳಲಿಲ್ರಿ ಮಾಸ್ತರ. ಒಂದ ಮಗ್ಗಲಾ ಕೇಳಿ ಕೊಟ್ಟಬಿಟ್ಟೆ.”

ಮಾಸ್ತರನ ಮುಖ ಇದ್ದಕ್ಕಿದ್ದಂತೆ ಹತ್ತು ವರ್ಷ ಹಳೆಯದಾಯಿತು. ಹೀರಾ ಅದನ್ನು ಕಂಡು, “ಏನಿತ್ತರೀ ಅದರಾಗ?” ಎಂದು ಕೇಳಿದಳು. ಅವನು ಕಪ್ಪನ್ನು ದೂರ ಸರಿಸಿ ಹೇಳಿದ. ಆ ಬೇಸಗೆ ಮುಂಬಯಿಯಲ್ಲಿ ಹಾಡನ್ನು ಪ್ಲೇಟಿಗೆ ಹಿಡಿಯುವ ದಿನ ಮುಂದಿನ ಸಾಲಿನ ತುತ್ತೂರಿಯವನಿಗೆ ಜ್ವರ ಬಂದಿತ್ತು. ಎರಡನೆಯ ಹಾಡಿನ ನಡುವೆ ಅರ್ಧ ನಿಮಿಷ ಒಬ್ಬನೇ ನುಡಿಸಬೇಕಾದ ಜಾಗದಲ್ಲಿ ಇವನನ್ನು ನಿಲ್ಲಿಸಿದರು. ಬರೆದದ್ದೇನೂ ಇರಲಿಲ್ಲ. ಇಪ್ಪತ್ತೈದು ವರ್ಷ ಹಿಂದಿನ ಸಾಲಿನಲ್ಲಿ, ದರಬಾರಿನಲ್ಲಿ, ಮೆರವಣಿಗೆಯಲ್ಲಿ ಬರೆದದ್ದನ್ನೇ ನುಡಿಸಿದವನು ಅರ್ಧ ನಿಮಿಷ ಮನಸ್ಸಿನಿಂದ ನುಡಿಸಿದ. ಏನು ನುಡಿಸಿದೆ ಎಂಬುದು ಆಮೇಲೆ ಅವನಿಗೇ ನೆನಪಿಗೆ ಬರಲಿಲ್ಲ. ಅಂಗಡಿಯಲ್ಲಿ ಒಂದೇ ಒಂದು ಸಲ ಕೇಳಿದ್ದ. ಎರಡನೆಯ ಸಲ ಜಿನ್ನಪ್ಪನ ಪಕ್ಕದಲ್ಲಿ ಕೂತು ಕೇಳಬೇಕು ಎಂದು ಕಳಿಸಿದ್ದ.

“ನಾನ ಅಂತ ಮೊದಲ ಹೇಳಿದ್ದರ ನೀವು ಗೆಳ್ಯಾ ಅಂತ ಛಲೋ ಅಂತಿದ್ರಿ. ಗೊತ್ತಿಲ್ಲದನ ಕೇಳಲಿ ಅಂತ ಸುಮ್ಮನಿದ್ದೆ.”

“ಇನ್ನೊಂದ ತರಸೂಣ್ರಿ, ಅಂಗಡ್ಯಾಗ...”

“ಸಿಗೂದಿಲ್ರಿ. ಕೆಲವೊಂದ ಅಚ್ಚು ಹಾಕಿದ್ದರು. ಕಂಪನಿ ಬಾಗಿಲಾ ಹಾಕೇತಿ.”

ಮಾಸ್ತರ ಎದ್ದು ಹೋದ ಮೇಲೆ ಜಿನ್ನಪ್ಪ ಪೆಟ್ಟಿಗೆಯ ಮುಚ್ಚಳ ಹಾಕಿದ. ಆ ತಿಂಗಳು ಪೂರ್ತಿ ಅದನ್ನು ತೆಗೆಯಲಿಲ್ಲ. ನಾಚಿಕೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಗೊತ್ತಿಲ್ಲದ ದೇಶದ ಗೊತ್ತಿಲ್ಲದವರನ್ನು ಏಳೇಳು ಸಲ ಕೇಳಿದವನು, ಚಹಾ ಕುಡಿದು ಪಕ್ಕದಲ್ಲಿ ಕೂತವನನ್ನು ಒಂದು ಸಲವೂ ಕೇಳಲಿಲ್ಲ. ನಾಚಿಕೆಯಷ್ಟೇ ಅಲ್ಲ, ಕುತೂಹಲವೂ ತಿನ್ನುತ್ತಿತ್ತು: ಆ ಅರ್ಧ ನಿಮಿಷದಲ್ಲಿ ಏನಿತ್ತು? ದಾನ ಕೊಟ್ಟದ್ದನ್ನು ಮರಳಿ ಕೇಳುವಂತಿಲ್ಲ, ಸರಿ. ಆದರೆ ಅದು ಎಲ್ಲಿದೆಯೋ ಅಲ್ಲಿಗೆ ಹೋಗಿ ಕಿವಿಯಿಂದ ಕೇಳಿ ಬರಬಾರದೆಂದು ಯಾವ ಶಾಸ್ತ್ರದಲ್ಲಿದೆ?

ದೀಪಾವಳಿ ಮುಗಿದು ನೇಮ ಇಳಿದ ಕೂಡಲೇ ಲೋಕಾಪುರಕ್ಕೆ ಹೋದ. ಹುಲೆಪ್ಪ ಹತ್ತಿಯ ಸುಗ್ಗಿಗೆ ಚಕ್ಕಡಿ ಹೊಡೆದುಕೊಂಡು ಸೊಲ್ಲಾಪುರದ ಕಡೆ ಹೋಗಿದ್ದ. ಯಾವಾಗ ಬಂದಾನೆಂದು ಮನೆಯವರಿಗೂ ಗೊತ್ತಿರಲಿಲ್ಲ. ಮೂರು ಸಲ ಹೋಗಿ ಬರಿಗೈಲಿ ಬಂದ ಮೇಲೆ, ಮಾಘ ಮಾಸದಲ್ಲಿ ಹುಲೆಪ್ಪ ಸಿಕ್ಕ. “ನನ್ನ ಮನಿಯಾಗ ಪೆಟ್ಟಿಗಿ ಎಲ್ಲೈತ್ರಿ? ಸ್ಟ್ಯಾಂಡಿನ ಹೊಳಬಸಪ್ಪಗ ಕೊಟ್ಟೆ” ಎಂದ. ಚಹಾದ ಅಂಗಡಿಯ ಹೊಳಬಸಪ್ಪ, “ಹಾಕಿ ನೋಡಿದ್ನಿರಿ. ಮಂದಿ ಚಹಾ ಅರ್ಧಕ್ಕ ಬಿಟ್ಟ ಎದ್ದು ಹೋದರು. ಗಲಗಲಿ ಹೊಳಿ ದಂಡಿ ಮುದಕವ್ವ ಬಂದಿದ್ದಳು, ಆಕಿಗೆ ಕೊಟ್ಟ ಕೈ ತೊಳಕೊಂಡೆ” ಎಂದ. ದಾನದ ವಸ್ತು ಊರೂರು ತಿರುಗಿತ್ತು.

ಗಲಗಲಿಯಲ್ಲಿ ಕೃಷ್ಣೆ ದಾಟುವ ಕಡೆ, ದೋಣಿ ಕಾಯುವವರಿಗೆ ಮುದಕವ್ವ ಒಂದು ಗುಡಿಸಲಲ್ಲಿ ಚಹಾ, ಚುರಮರಿ ಮಾರುತ್ತಿದ್ದಳು. ಐವತ್ತು ದಾಟಿದ ಅಂಬಿಗರ ಹೆಣ್ಣುಮಗಳು. ಯಾವುದೋ ನಾಟಕದ ಮಂಡಳಿ ಬಿಟ್ಟು ಹೋದ ಪೆಟ್ಟಿಗೆಯೊಂದು ಅವಳಲ್ಲಿತ್ತು. ಜಿನ್ನಪ್ಪ ಬೆವರು ಒರೆಸಿಕೊಂಡು ಕೂತು, ಮೆಲ್ಲಗೆ ಪ್ಲೇಟಿನ ಮಾತು ತೆಗೆದ.

“ಅಯ್ಯ ನನ ಎಪ್ಪಾ, ಅದು ಹೋತು” ಎಂದಳು ಮುದಕವ್ವ. ಮೂಲೆಯಿಂದ ಒಂದು ಅರಿವೆಯ ಗಂಟು ತಂದು ಬಿಚ್ಚಿದಳು. ಒಳಗೆ ಮೂರು ತುಂಡು. “ಸಂಕ್ರಾಂತಿ ಗದ್ದಲದಾಗ ಯಾರೋ ಮ್ಯಾಲೆ ಕುಂತಬಿಟ್ಟರು.”

ಜಿನ್ನಪ್ಪ ತುಂಡುಗಳನ್ನು ಕೈಯಲ್ಲಿ ಹಿಡಿದು ಜೋಡಿಸಿ ನೋಡಿದ. ಜೋಡಿಸಿದರೆ ಪ್ಲೇಟಾಗುತ್ತಿತ್ತು, ಹಾಡಾಗುತ್ತಿರಲಿಲ್ಲ. ಮೂವತ್ತು ವರ್ಷ ವ್ಯಾಪಾರ ಮಾಡಿದವನಿಗೆ ಇಷ್ಟು ದೊಡ್ಡ ನಷ್ಟ ಎಂದೂ ಆಗಿರಲಿಲ್ಲ.

“ಯಾಕ ಎಪ್ಪಾ, ನಿನಗೂ ಅದು ಭಾಳ ಸೇರತಿತ್ತೇನು?” ಎಂದು ಮುದಕವ್ವ ಕೇಳಿದಳು. “ಹೊಳಿ ಬಂದಾಗ ಮೂರ ಮೂರ ದಿನ ದೋಣಿ ಬಿಡೂದಿಲ್ಲ. ಕುಂತ ಕುಂತ ಅದನ್ನ ಹಾಕತಿದ್ದೆ. ಮ್ಯಾಲಿನ ಮಗ್ಗಲಾ ಏನೂ ಇಲ್ಲ ಬಿಡು, ನೀರ ಮಜ್ಜಿಗಿ. ಕೆಳಗಿನ ಮಗ್ಗಲಾಗ ನಡುವ ಒಬ್ಬಾಂವ ತುತ್ತೂರಿ ಊದತಾನ ನೋಡು...” ಎಂದು ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಗುನುಗಿದಳು.

ಜಿನ್ನಪ್ಪನ ಮೈ ನೆಟ್ಟಗಾಯಿತು. ಅವಳು ಗುನುಗುತ್ತಿದ್ದದ್ದು ನಮ್ಮ ಕಡೆಯ ಯಾವ ಪದವೂ ಅಲ್ಲ. ಅಂಜಿ ಅಂಜಿ ಎರಡು ಹೆಜ್ಜೆ ಇಟ್ಟು, ಮೂರನೆಯದಕ್ಕೆ ದಾರಿ ಬಿಟ್ಟು ಬಯಲಿಗಿಳಿಯುವಂಥದು. “ಇನ್ನೊಮ್ಮೆ ಯವ್ವಾ” ಎಂದ. ಆ ಮಧ್ಯಾಹ್ನ ಎರಡು ದೋಣಿ ಹೋದವು. ಅವನು ಏಳಲಿಲ್ಲ.

ಮಾರ್ಚ್ ತಿಂಗಳಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಕೂಡಿದವು. ರಾಜರಿಲ್ಲದ ಮೇಲೆ ಬ್ಯಾಂಡು ಯಾರಿಗೆ? ಪೆದ್ರು ಮಾಸ್ತರ ಮುಂಬಯಿಗೆ ಹೊರಟು ನಿಂತ. ಯಾವುದಾದರೂ ಹೋಟೆಲಿನಲ್ಲಿ ಹಿಂದಿನ ಸಾಲು ಸಿಕ್ಕೀತು ಎಂಬ ಆಸೆ. ಬೀಳ್ಕೊಡಲು ಬಂದ ಜಿನ್ನಪ್ಪ, “ಗಲಗಲಿ ಮ್ಯಾಲೆ ಹೊಳಿ ದಾಟಿ ಬಿಜಾಪುರಕ್ಕ ಹೋಗೂಣ್ರಿ, ಅಲ್ಲಿಂದ ರೈಲು. ನಾ ಹೊಳಿ ತನಕ ಬರ್ತೇನಿ” ಎಂದು ಹಠ ಹಿಡಿದ. ಪ್ಲೇಟು ಒಡೆದ ಸಂಗತಿ ಹೇಳಿದ್ದ. ಮುದಕವ್ವನ ಸಂಗತಿ ಹೇಳಿರಲಿಲ್ಲ.

ಅವರು ಗುಡಿಸಲಿಗೆ ಬಂದಾಗ ಮುದಕವ್ವ ಬೆನ್ನು ತಿರುಗಿಸಿ ಚಹಾದ ಕಪ್ಪು ತೊಳೆಯುತ್ತ ಗುನುಗುತ್ತಿದ್ದಳು. ಮಾಸ್ತರ ಸಾಮಾನಿನ ಪೆಟ್ಟಿಗೆಗಳನ್ನು ಕೆಳಗಿಟ್ಟವನು ಬಗ್ಗಿದಂತೆಯೇ ನಿಂತ. ಜಿನ್ನಪ್ಪನ ಮುಖ ನೋಡಿದ. ಜಿನ್ನಪ್ಪ ತಲೆಯಾಡಿಸಿದ. ಮಾಸ್ತರ ತುತ್ತೂರಿ ಹೊರಗೆ ತೆಗೆದು, ತುಟಿಗಿಟ್ಟು, ಅವಳು ಗುನುಗಿದ್ದನ್ನು ಹಿಂಬಾಲಿಸಿ ನುಡಿಸಿದ.

ಮುದಕವ್ವ ತಿರುಗಿದಳು. ಪೂರ್ತಿ ಕೇಳಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

“ಹಂಗಲ್ಲೋ ಎಪ್ಪಾ, ತಪ್ಪಾತು. ನೀ ಕೊನಿಗೆ ಅವಸರ ಮಾಡ್ತಿ. ಪ್ಲೇಟಿನ್ಯಾಗಿನಾಂವ ಅಲ್ಲಿ ತಡೀತಾನ. ದಂಡಿ ಹತ್ತರ ಬಂತಂದ್ರ ಅಂಬಿಗ ಹುಟ್ಟ ಎತ್ತಿ ಸುಮ್ಮನ ಕುಂದರತಾನಲ್ಲ, ದೋಣಿ ತಾನ ಬಂದ ಹತ್ತತೈತಿ. ಹಂಗ. ಹುಟ್ಟ ಹಾಕಿದಿ ಅಂದ್ರ ಬಡೀತೈತಿ.”

ಮಾಸ್ತರ ಮತ್ತೆ ನುಡಿಸಿದ. ಅವಳು ಮತ್ತೆ ಬೇಡವೆಂದಳು, ಗುನುಗಿ ತೋರಿಸಿದಳು, ಒದ್ದೆ ಕೈಯಿಂದ ಗಾಳಿಯಲ್ಲಿ ಹುಟ್ಟು ಎತ್ತಿ ಹಿಡಿದು ತೋರಿಸಿದಳು. ಮೂರನೆಯ ಸಲ ಅವನು ಕಣ್ಣು ಮುಚ್ಚಿ, ಕೊನೆಯ ಸ್ವರದ ಮುಂಚೆ ಉಸಿರು ಹಿಡಿದು, ಅದನ್ನು ತಾನಾಗಿಯೇ ಬರಗೊಟ್ಟ. ಜಿನ್ನಪ್ಪನ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಲು ಅವನಿಗೆ ನಾಚಿಕೆಯಾಗಲಿಲ್ಲ.

“ಮಾಸ್ತರ, ನನ್ನ ಹನ್ನೆರಡನ್ನೂ ಕೊಟ್ಟು ಇದೊಂದನ್ನ ಇಟಗೋತಿದ್ದೆ” ಎಂದ. “ನಂದ ತಪ್ಪಾತ್ರಿ.”

ಮುದಕವ್ವನಿಗೆ ಇವರ ಮಾತು ತಿಳಿಯಲಿಲ್ಲ. ಆಕೆ ಕಪ್ಪು ಒರೆಸುತ್ತ, “ಈಗ ಬಂತ ನೋಡು. ಯಾರಪಾ ಈ ಮಾಸ್ತರ? ಹೇಳಿಕೊಟ್ಟರ ಲಗೂನ ಕಲೀತಾನ” ಎಂದಳು.

ಇವನೇ ಅವನು ಎಂದು ಹೇಳಲು ಜಿನ್ನಪ್ಪ ಬಾಯಿ ತೆರೆದ. ಮಾಸ್ತರ ಅವನ ಮೊಣಕೈ ಹಿಡಿದು ತಡೆದ. ಅತ್ತ ದಂಡೆಯಿಂದ ಅಂಬಿಗ, ದೋಣಿ ಹೊರಡುತ್ತದೆ ಬರ್ರಿ ಎಂದು ಕೂಗು ಹಾಕಿದ. ಪೆದ್ರು ಮಾಸ್ತರ ಅತ್ತ ನೋಡಲೂ ಇಲ್ಲ. ಟೋಪಿ ತೆಗೆದು ಪಕ್ಕಕ್ಕಿಟ್ಟು, ಗುಡಿಸಲಿನ ನೆಲದ ಮೇಲೆ ಮುದಕವ್ವನ ಎದುರು ಚಕ್ಕಳಬಕ್ಕಳ ಹಾಕಿ ಕೂತ.

“ಮೊದಲಿಂದ ಇನ್ನೊಮ್ಮೆ ಹೇಳಿಕೊಡ ಯವ್ವಾ” ಎಂದ.